ಖಾಲಿ ಎಂದು ಬರೆದ ಗಾದಿಲಿಂಗಪ್ಪ

ಮಲಪನಗುಡಿಯ ಗಾದಿಲಿಂಗಪ್ಪನಿಗೆ ಇದ್ದದ್ದು ಒಂದೇ ಜಂಭ, ಅದು ತನ್ನ ಕಿವಿಯದು. ಊರ ಹೊರಗೆ ಒಂದೂವರೆ ಎಕರೆ ಬಾಳೆ ಇತ್ತು, ಅದರ ಬಗ್ಗೆ ಯಾರ ಮುಂದೆಯೂ ಬಡಾಯಿ ಕೊಚ್ಚಿದವನಲ್ಲ. ರೂಪದ ವಿಷಯ ಹೇಳಿಕೊಳ್ಳುವಂಥದ್ದೇನಲ್ಲ, ಅದನ್ನು ಹೆಂಡತಿ ಚೆನ್ನಬಸಮ್ಮನೇ ಆಗಾಗ ನೆನಪು ಮಾಡಿಕೊಡುತ್ತಿದ್ದಳು. ಆದರೆ ಒಂದು ವಾಕಿಟಾಕಿ ಸೆಟ್ಟನ್ನು ಅವನ ಕಿವಿಯ ಹತ್ತಿರ ಹಿಡಿದರೆ ಸಾಕು, ಗೊರಗೊರ ಸದ್ದಿನ ಒಳಗಿಂದ ಇದು ಯಾವ ಗಣಿಯ ಸೆಟ್ಟು, ಮಾತಾಡುವವನು ನಿಂತಿದ್ದಾನೋ ಗಾಡಿಯಲ್ಲಿದ್ದಾನೋ, ಅವನ ಬ್ಯಾಟರಿ ಇನ್ನೆಷ್ಟು ಹೊತ್ತು ತಡೆದೀತು ಎಂದು ಹೇಳಿಬಿಡುತ್ತಿದ್ದ. ಸಂಡೂರಿನ ಗುಡ್ಡದ ಮೇಲೆ ಅವನನ್ನು ಎಲ್ಲರೂ ವೈರ್‌ಲೆಸ್ ಗಾದೆಪ್ಪ ಎಂದೇ ಕರೆಯುತ್ತಿದ್ದರು.

ಈ ಕಿವಿಯನ್ನು ತಿದ್ದಿದವನು ಹೊಸಪೇಟೆಯ ಜಡೆಪ್ಪ. ಸ್ಟೇಷನ್ ರೋಡಿನಲ್ಲಿ ಅವನದೊಂದು ರೇಡಿಯೊ ರಿಪೇರಿ ಅಂಗಡಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟ ಮೇಲೆ ಗಾದಿಲಿಂಗಪ್ಪ ಅಲ್ಲಿಗೆ ಸೇರಿಕೊಂಡ. ಆರು ತಿಂಗಳು ಜಡೆಪ್ಪ ಅವನ ಕೈಗೆ ಸ್ಕ್ರೂಡ್ರೈವರ್ ಕೊಡಲಿಲ್ಲ. ಕೆಟ್ಟ ರೇಡಿಯೊ ಬಂದರೆ ಮೊದಲು ಕೇಳಬೇಕು, ಕೇಳಿದ್ದನ್ನು ಹೇಳಬೇಕು, ತಪ್ಪಿದರೆ ಮತ್ತೆ ಕೇಳಬೇಕು. ತಪ್ಪು ಹೇಳಿದರೆ ಜಡೆಪ್ಪ ಬೈಯುತ್ತಿರಲಿಲ್ಲ. ಏನೂ ಇಲ್ಲ ಎಂದುಬಿಟ್ಟರೆ ಮಾತ್ರ ಅವನ ಸಿಟ್ಟು ನೆತ್ತಿಗೇರುತ್ತಿತ್ತು. ನಿನಗೆ ಕೇಳಲಿಲ್ಲ ಅಂದಮಾತ್ರಕ್ಕೆ ಒಳಗೆ ಏನೂ ಇಲ್ಲ ಅಂತಲೇನೋ ಎಂದು ಅವನ ತಲೆ ಹಿಡಿದು ಸ್ಪೀಕರಿಗೆ ಒತ್ತುತ್ತಿದ್ದ. ಈ ಪಾಠವನ್ನು ಗಾದಿಲಿಂಗಪ್ಪ ಮುಂದೆ ಎಷ್ಟೋ ಜನಕ್ಕೆ ಹೇಳಿಕೊಟ್ಟ. ತಾನು ಮರೆತದ್ದು ಒಂದೇ ಸಲ.

ಮೊಬೈಲು ಬಂದು ಜಡೆಪ್ಪನ ಅಂಗಡಿಯಲ್ಲಿ ನೊಣ ಹೊಡೆಯುವ ಕಾಲ ಬಂದಾಗಲೇ ಸಂಡೂರಿನ ಗುಡ್ಡಗಳಲ್ಲಿ ಅದಿರಿನ ಸುಗ್ಗಿ ಶುರುವಾಗಿತ್ತು. ಗುಡ್ಡದ ಸಂದಿಗಳಲ್ಲಿ ಮೊಬೈಲು ಕೆಲಸ ಮಾಡುವುದಿಲ್ಲ. ಟಿಪ್ಪರ್ ಇಳಿಯುತ್ತಿದೆ, ಸಿಡಿಮದ್ದು ಹಾರಿಸುತ್ತಿದ್ದಾರೆ, ನೀರಿನ ಟ್ಯಾಂಕರು ಬಂತು ಎಂದು ಹೇಳಲು ವಾಕಿಟಾಕಿಯೇ ಗತಿ. ಒಂದು ಗಣಿಯವರು ಗಾದಿಲಿಂಗಪ್ಪನನ್ನು ಕರೆದು ತಮ್ಮ ಎಪ್ಪತ್ತು ಸೆಟ್ಟುಗಳನ್ನು ಅವನ ಸುಪರ್ದಿಗೆ ಕೊಟ್ಟರು. ಸೆಟ್ಟುಗಳು ನೂರಾರು, ಮಾತಾಡಲು ಇದ್ದ ತರಂಗಗಳು ಬೆರಳೆಣಿಕೆಯವು. ಒಂದೇ ಬಾವಿಗೆ ನಾಲ್ಕು ಊರಿನವರು ಕೊಡ ಇಳಿಸಿದ ಹಾಗೆ. ಇಬ್ಬರು ಒಂದೇ ತರಂಗದಲ್ಲಿ ಒಟ್ಟಿಗೆ ಬಾಯಿ ತೆರೆದರೆ ಮೂರನೆಯವನಿಗೆ ಇಬ್ಬರ ಮಾತೂ ಇಲ್ಲ, ಬರೀ ಗೊರ್ರ್ ಎನ್ನುವ ಸದ್ದು.

ಇದಕ್ಕೆ ಗಾದಿಲಿಂಗಪ್ಪ ಒಂದು ಪದ್ಧತಿ ಹಾಕಿಕೊಟ್ಟ. ಗುಂಡಿ ಒತ್ತಿದವನು ತನ್ನ ಮಾತು ಹೇಳುವ ಮೊದಲು ‘ಯಾರರ ಅದೀರೇನ್ರಿ?’ ಎಂದು ಕೇಳಬೇಕು. ಕೇಳಿ, ಮೂರು ಉಸಿರು ಎಳೆದು ಬಿಡುವಷ್ಟು ಹೊತ್ತು ಸುಮ್ಮನಿರಬೇಕು. ಯಾರಾದರೂ ಇದ್ದರೆ ‘ಅದೀನಿ’ ಎಂದು ತಮ್ಮ ಕೆಲಸ ಹೇಳುತ್ತಾರೆ. ಆಗ ಕೇಳಿದವನು ತುಟಿ ಬಿಚ್ಚದೆ ಕಾಯಬೇಕು, ಸರಿ ಅಂತಲೂ ಅನ್ನಬಾರದು, ಅದೊಂದು ದಂಡದ ಮಾತು. ಯಾರೂ ಅನ್ನದಿದ್ದರೆ ದಾರಿ ಅವನದು. ಹೊಸ ಡ್ರೈವರುಗಳು ಮೊದಮೊದಲು ನಗುತ್ತಿದ್ದರು, ಮನೆ ಬಾಗಿಲಲ್ಲಿ ಭಿಕ್ಷೆಗೆ ನಿಂತವರು ಕೂಗಿದ ಹಾಗಿದೆ ಎಂದು. ಒಂದೆರಡು ಸಲ ಕಂದಕದ ಅಂಚಿಗೆ ಹೋಗಿ ನಿಂತು ಬೆವೆತ ಮೇಲೆ ಅವರೂ ಕಲಿತರು. ಪಕ್ಕದ ಗಣಿಯವರೂ ಅದನ್ನೇ ರೂಢಿ ಮಾಡಿಕೊಂಡರು. ನಡುವೆ ಕೋರ್ಟಿನ ಆದೇಶದಿಂದ ಗಣಿಗಳೆಲ್ಲ ಮುಚ್ಚಿ ಗಾದಿಲಿಂಗಪ್ಪ ಕೆಲವು ವರ್ಷ ಬಾಳೆಗೆ ನೀರು ಹಾಯಿಸಿಕೊಂಡಿದ್ದ. ಮತ್ತೆ ತೆರೆದಾಗ ಅವನೂ ಹೋದ, ಅವನ ಪದ್ಧತಿಯೂ ಗುಡ್ಡಕ್ಕೆ ವಾಪಸು ಬಂತು.

ಆ ಪದ್ಧತಿಯನ್ನು ಎಲ್ಲರಿಗಿಂತ ನಿಷ್ಠೆಯಿಂದ ನಡೆಸಿದವಳು ರೇಣುಕಮ್ಮ. ಸಂಡೂರಿನವಳು. ಗಂಡ ಕಾಮಾಲೆಯಿಂದ ತೀರಿಕೊಂಡ ಮೇಲೆ ಅದೇ ಗಣಿಯಲ್ಲಿ ಬಾವುಟ ಹಿಡಿಯುವ ಕೆಲಸಕ್ಕೆ ಬಂದಿದ್ದಳು. ಗುಡ್ಡದ ಕೆಳಗಿನ ಮಡಿಲಲ್ಲಿ ಮುತ್ತುಗದ ಮರವೊಂದಿರುವ ತಿರುವು ಅವಳ ಜಾಗ. ಮೇಲಿಂದ ಬರುವ ಟಿಪ್ಪರಿಗೆ ಕೆಳಗಿನದು ಕಾಣಿಸದು, ಕೆಳಗಿನದಕ್ಕೆ ಮೇಲಿನದು ಕಾಣಿಸದು. ಅವಳು ಹಸಿರು ಬಾವುಟ ತೋರಿಸಿದರೆ ಇಳಿಯಬೇಕು, ಕೆಂಪು ತೋರಿಸಿದರೆ ನಿಲ್ಲಬೇಕು. ಗಾದಿಲಿಂಗಪ್ಪನನ್ನು ಅಣ್ಣ ಎನ್ನುತ್ತಿದ್ದಳು. ಬರೀ ಬಾಯಿ ಮಾತಿನ ಅಣ್ಣನಲ್ಲ, ಪ್ರತಿ ನಾಗರಪಂಚಮಿಗೆ ಶೇಂಗಾ ಉಂಡಿ, ಜೋಳದ ಅಳ್ಳು ಕಟ್ಟಿಕೊಂಡು ಮಗಳು ಕಾವ್ಯಳ ಜೊತೆ ಮಲಪನಗುಡಿಗೆ ಬಂದು ಹೋಗುತ್ತಿದ್ದಳು. ಕಾವ್ಯ ಈಗ ಹೊಸಪೇಟೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅವಳಿಗೆ ಗಾದಿಲಿಂಗಪ್ಪ ಮಾವ.

ಕಳೆದ ವರ್ಷ ಗುಡ್ಡಕ್ಕೆ ಹೊಸ ಸೆಟ್ಟುಗಳು ಬಂದವು. ಅವನ್ನು ತಂದು ಕೂರಿಸಿದವಳು ಸ್ಫೂರ್ತಿ ಎಂಬ ಇಂಜಿನಿಯರ್. ಕಂಪ್ಲಿಯ ರೈಸ್‌ಮಿಲ್ ಮನೆಯ ಹುಡುಗಿ, ತಲೆಗೆ ಹೆಲ್ಮೆಟ್ಟು, ಕಾಲಿಗೆ ಗಂಡಸರ ಬೂಟು, ಮಾತಿನಲ್ಲಿ ಮಾತ್ರ ಬಹಳ ಸಂಕೋಚ. ಗಾದಿಲಿಂಗಪ್ಪನಿಗೆ ಅವಳು ಕೂತು ತಿಳಿಸಿ ಹೇಳಿದಳು. ಈ ಸೆಟ್ಟು ಮಾತಾಡುವ ಮೊದಲು ತಾನೇ ಗಾಳಿಯಲ್ಲಿ ಕಿವಿಯಿಟ್ಟು ನೋಡುತ್ತದೆ. ತರಂಗದಲ್ಲಿ ಯಾರೋ ಇದ್ದಾರೆ ಅನ್ನಿಸಿದರೆ ಕೆಂಪು ದೀಪ ಹಚ್ಚಿ ಕಾಯುತ್ತದೆ, ಯಾರೂ ಇಲ್ಲ ಅನ್ನಿಸಿದರೆ ಹಸಿರು ದೀಪ ಹಚ್ಚುತ್ತದೆ. ಹೀಗಾಗಿ ಎರಡೂ ಗಣಿಯವರು ಇರುವಷ್ಟೇ ತರಂಗಗಳನ್ನು ಜಗಳವಿಲ್ಲದೆ ಹಂಚಿಕೊಳ್ಳಬಹುದು. ಆದರೆ ಎಷ್ಟು ಸದ್ದಿದ್ದರೆ ‘ಯಾರೋ ಇದ್ದಾರೆ’ ಎಂದು ಎಣಿಸಬೇಕು, ಎಷ್ಟಕ್ಕಿಂತ ಕಡಿಮೆಯಿದ್ದರೆ ‘ಯಾರೂ ಇಲ್ಲ’ ಎನ್ನಬೇಕು ಎಂಬ ಗೆರೆಯನ್ನು ಮನುಷ್ಯರೇ ಹಾಕಿಕೊಡಬೇಕು. ಗೆರೆ ತೀರಾ ಮೇಲೆ ಹಾಕಿದರೆ ಸೆಟ್ಟು ಸಣ್ಣ ದನಿಯವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಅವರ ಮೇಲೆಯೇ ಮಾತಾಡಿಬಿಡುತ್ತದೆ.

ಆ ಗೆರೆಗಾಗಿ ಗುಡ್ಡದ ಹನ್ನೆರಡು ಜಾಗಗಳಲ್ಲಿ ಪಕ್ಕದ ಗಣಿಯವರ ದನಿ ಎಷ್ಟು ಬರುತ್ತದೆ ಎಂದು ಮೀಟರಿನಲ್ಲಿ ನೋಡಿ ಬರೆಯಬೇಕಿತ್ತು. ಎಲ್ಲಿ ತೀರಾ ಕ್ಷೀಣವಾಗಿದೆಯೋ ಅಲ್ಲಿಗೆ ತಕ್ಕ ಹಾಗೆ ಗೆರೆ. ಬೇಕಾದರೆ ಅಲ್ಲೊಂದು ಕಂಬ ನೆಟ್ಟು, ಬಂದ ದನಿಯನ್ನು ಹೆಚ್ಚಿಸಿ ಕಳಿಸುವ ಪೆಟ್ಟಿಗೆಯನ್ನೂ ಕೂರಿಸಬಹುದಿತ್ತು. ಸ್ಫೂರ್ತಿ ಈ ಕೆಲಸವನ್ನು ಗಾದಿಲಿಂಗಪ್ಪನಿಗೆ ಒಪ್ಪಿಸಿದಳು. ಗುಡ್ಡವನ್ನು ಅವನಿಗಿಂತ ಬಲ್ಲವರು ಯಾರಿದ್ದಾರೆ ಎಂದು ಎಲ್ಲರೆದುರು ಹೇಳಿದಳು. ಅವನು ಉಬ್ಬಿಹೋದ.

ಬೆಳಿಗ್ಗೆಯಿಂದ ಹನ್ನೊಂದು ಜಾಗ ಮುಗಿಸಿದ. ಒಂದೊಂದರಲ್ಲೂ ಮೀಟರಿಟ್ಟು ಅರ್ಧ ಗಂಟೆ ಕೂತು ಬರೆದ. ಹನ್ನೆರಡನೆಯದು ಮುತ್ತುಗದ ತಿರುವು. ಹಿಂದಿನ ದಿನ ಮಳೆಯಾಗಿ ಕೆಳಗಿನ ರಸ್ತೆ ಕೆಂಪು ರಾಡಿಯಾಗಿತ್ತು. ಮಧ್ಯಾಹ್ನ ಮೂರು ಗಂಟೆಯ ಬಿಸಿಲು, ಮೊಣಕಾಲು ಆಗಲೇ ಮಾತಾಡುತ್ತಿತ್ತು. ಇಷ್ಟಕ್ಕೇ ನಿಂತಿದ್ದರೆ ಅದನ್ನು ಸೋಮಾರಿತನ ಎನ್ನಬಹುದಿತ್ತು. ಅದಕ್ಕಿಂತ ಕೆಟ್ಟದ್ದು ಅವನ ತಲೆಯಲ್ಲಿತ್ತು. ಆ ತಿರುವಿನಲ್ಲಿ ಪಕ್ಕದ ಗಣಿಯ ದನಿ ಬರುವುದೇ ಇಲ್ಲ, ನಡುವೆ ಇಡೀ ಗುಡ್ಡವೇ ಅಡ್ಡ ಇದೆ, ಇಷ್ಟು ವರ್ಷದಿಂದ ಕೇಳಿರುವ ತನಗೆ ಮೀಟರ್ ಬೇರೆ ಬೇಕೇ ಎಂದುಕೊಂಡ. ಪಕ್ಕದ ಗಣಿಯವರು ಆರು ತಿಂಗಳ ಹಿಂದೆ ಗುಡ್ಡದ ಬೆನ್ನು ಸುತ್ತಿ ಹೊಸ ರಸ್ತೆ ಕಡಿದು, ಅದನ್ನು ತಂದು ಇದೇ ತಿರುವಿಗೆ ಕೂಡಿಸಿದ್ದರು. ಆ ರಸ್ತೆಯನ್ನು ಅವನು ಕಣ್ಣಾರೆ ಕಂಡಿದ್ದ. ಕಂಡದ್ದು ಕಣ್ಣಲ್ಲೇ ಉಳಿಯಿತು, ಕಿವಿಗೆ ಇಳಿಯಲಿಲ್ಲ. ಮೇಲಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಹನ್ನೆರಡನೇ ಸಾಲಿನಲ್ಲಿ ‘ಖಾಲಿ’ ಎಂದು ಬರೆದ.

ಹಾಳೆ ನೋಡಿದ ಸ್ಫೂರ್ತಿ, ಹನ್ನೆರಡರಲ್ಲಿ ಅಂಕಿಯೇ ಇಲ್ಲವಲ್ಲ ಎಂದು ಕೇಳಿದಳು.

“ಅಲ್ಲಿ ಬಂದ್ರಲ್ಲೇನವ್ವಾ ಅಂಕಿ ಬರಿಯೂದು? ಮೊದ್ಲಿಂದ ನಾ ಕೇಳೀನಿ, ಅಲ್ಲಿ ಏನೂ ಬರಂಗಿಲ್ಲ,” ಎಂದ ಗಾದಿಲಿಂಗಪ್ಪ.

ಅವಳು ಹಿರಿಯರ ಮಾತಿಗೆ ಎದುರಾಡಲು ಮನಸ್ಸಾಗದೆ ಸಹಿ ಹಾಕಿದಳು. ಹನ್ನೊಂದು ಜಾಗಗಳ ಅಂಕಿ ನೋಡಿ ಗೆರೆ ಎಳೆದರು. ಆಫೀಸಿನ ಗೋಡೆಗೆ ಒಂದು ಸುತ್ತೋಲೆಯೂ ಬಿತ್ತು: ಇನ್ನು ಮುಂದೆ ಸೆಟ್ಟೇ ನೋಡಿಕೊಳ್ಳುವುದರಿಂದ ಡ್ರೈವರುಗಳು ‘ಯಾರರ ಅದೀರೇನ್ರಿ’ ಎಂದು ಕೇಳಿ ಸಮಯ ಹಾಳು ಮಾಡಬಾರದು. ಗಾದಿಲಿಂಗಪ್ಪನಿಗೆ ಕಸಿವಿಸಿಯಾಯಿತು, ಆದರೂ ಬಾಯಿ ಬಿಡಲಿಲ್ಲ. ಬಾವುಟದವರಿಗೆ ಹೊಸ ಸೆಟ್ಟು ಸಾಲದೆ ಹಳೆಯವನ್ನೇ ಉಳಿಸಿದ್ದರು. ಹಾಗಾಗಿ ರೇಣುಕಮ್ಮ ಮಾತ್ರ ಕೇಳುತ್ತಲೇ ಇದ್ದಳು. ಪಕ್ಕದ ಗಣಿಯ ಹಳೇ ಡ್ರೈವರುಗಳು ಅವಳಿಗೆ ಉತ್ತರ ಕೊಡುತ್ತಲೂ ಇದ್ದರು.

ಎರಡು ವಾರ ಕಳೆದಿರಬೇಕು. ರೇಣುಕಮ್ಮ ಕೆಲಸ ಮುಗಿಸಿ ಗಾದಿಲಿಂಗಪ್ಪನ ರಿಪೇರಿ ಕೋಣೆಗೆ ಬಂದಳು. ಮುಖದ ಮೇಲಿನ ಕೆಂಪು ಧೂಳನ್ನೂ ಒರೆಸಿಕೊಂಡಿರಲಿಲ್ಲ.

“ಅಣ್ಣಾ, ಹೊಸ ಸೆಟ್ಟು ಬಂದಾಗಿಂದ ತಿರುವಿನ್ಯಾಗ ದಿನಾ ಗೊರ್ ಗೊರ್ ಅಂತೈತಿ. ಒಬ್ಬರ ಮ್ಯಾಲೆ ಒಬ್ಬರು ಮಾತಾಡಿದಂಗ ಆಕ್ಕೈತಿ. ಯಾರು ಬಂದ್ರು, ಯಾರು ಹೋದ್ರು ತಿಳಿವಲ್ದು. ಒಂದೀಟು ಬಂದು ನೋಡ್ರಿ.”

ಅಲ್ಲಿ ಎರಡನೆಯವರ ದನಿಯೇ ಇಲ್ಲ, ಒಬ್ಬರ ಮೇಲೆ ಒಬ್ಬರು ಹೇಗೆ ಮಾತಾಡುತ್ತಾರೆ ಎಂದು ಗಾದಿಲಿಂಗಪ್ಪ ನಕ್ಕ. ಹಳೇ ಸೆಟ್ಟಿನ ತಲೆಯ ಮೇಲೆ ಎರಡು ತಿರುಪುಗಳಿರುತ್ತವೆ. ಒಂದು ದನಿ ಹೆಚ್ಚುಕಡಿಮೆ ಮಾಡುವುದಕ್ಕೆ. ಇನ್ನೊಂದು ಗೊರಗೊರ ನಿಲ್ಲಿಸುವುದಕ್ಕೆ. ಅದನ್ನು ಬಿಗಿ ಮಾಡಿದಷ್ಟೂ ಸೆಟ್ಟು ಗಟ್ಟಿ ದನಿಯನ್ನು ಮಾತ್ರ ಒಳಗೆ ಬಿಟ್ಟು, ಸಣ್ಣದಕ್ಕೆಲ್ಲ ಬಾಗಿಲು ಹಾಕಿಕೊಳ್ಳುತ್ತದೆ. ಅವನು ಅವಳ ಕೈಯಿಂದ ಸೆಟ್ಟು ತೆಗೆದುಕೊಂಡು ಎರಡನೇ ತಿರುಪನ್ನು ಕೊನೆಯವರೆಗೂ ತಿರುಗಿಸಿದ. ಗೊರಗೊರ ನಿಂತಿತು. ಅವಳ ಮುಖ ಅರಳಿತು. ಇನ್ನು ಇದನ್ನು ಮುಟ್ಟಬೇಡ ಎಂದು ಹೇಳಿ ಕಳಿಸಿದ. ಅವತ್ತು ಊಟಕ್ಕೆ ಕೂತಾಗ ಚೆನ್ನಬಸಮ್ಮನಿಗೆ ಇದನ್ನೆಲ್ಲ ಹೇಳಿ, ಹೆಂಗಸರಿಗೆ ಒಂದಿಷ್ಟು ಗದ್ದಲ ಆದರೂ ತಡೆಯುವುದಿಲ್ಲ ಎಂದು ಇನ್ನೊಮ್ಮೆ ನಕ್ಕ.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತೂವರೆಗೆ ರೇಣುಕಮ್ಮ ಸತ್ತಳು.

ಮೇಲೆ ಇವರ ಗಣಿಯ ಟಿಪ್ಪರ್ ಇಂಜಿನ್ ಗುಡುಗಿಸುತ್ತ ಇಳಿಯಲು ಕಾಯುತ್ತಿತ್ತು. ಅವಳು ಗುಂಡಿ ಒತ್ತಿ ಯಾರಾದರೂ ಇದ್ದೀರಾ ಎಂದು ಕೇಳಿದಳು. ಮೂರು ಉಸಿರು ಕಾದಳು. ಹೊಸ ರಸ್ತೆಯಲ್ಲಿ ಪಕ್ಕದ ಗಣಿಯ ಟಿಪ್ಪರ್ ಅದಿರು ತುಂಬಿಕೊಂಡು ಬರುತ್ತಿತ್ತು, ಓಡಿಸುತ್ತಿದ್ದವನು ಮರಿಯಮ್ಮನಹಳ್ಳಿಯ ತಿಪ್ಪೇಶ್. ಅವನು ತಕ್ಷಣ ಉತ್ತರ ಕೊಟ್ಟ. ಗುಡ್ಡ ಸುತ್ತಿ ಬರುವಷ್ಟರಲ್ಲಿ ಅವನ ದನಿ ದಾರವಾಗಿತ್ತು, ಬಿಗಿದ ತಿರುಪು ಅದಕ್ಕೆ ಬಾಗಿಲು ತೆರೆಯಲಿಲ್ಲ. ಅವಳಿಗೆ ಕೇಳಿಸಿದ್ದು ನಿಶ್ಶಬ್ದ. ಯಾರೂ ಇಲ್ಲ ಎಂದುಕೊಂಡು ರಸ್ತೆಯ ನಡುವಿಗೆ ಬಂದು, ಹೊಸ ರಸ್ತೆಗೆ ಬೆನ್ನು ಮಾಡಿ, ಮೇಲಕ್ಕೆ ಹಸಿರು ಬಾವುಟ ಎತ್ತಿದಳು. ಉತ್ತರ ಕೊಟ್ಟ ಮೇಲೆ ತಿಪ್ಪೇಶನಿಗೂ ಕೇಳಿಸಿದ್ದು ನಿಶ್ಶಬ್ದವೇ. ಗುಡ್ಡದ ಪದ್ಧತಿ ಬಲ್ಲ ಅವನು, ತನ್ನ ‘ಅದೀನಿ’ ಅವಳಿಗೆ ಮುಟ್ಟಿದೆ, ಅದಕ್ಕೇ ತುಟಿ ಬಿಚ್ಚದೆ ಕಾಯುತ್ತಿದ್ದಾಳೆ ಎಂದು ನಂಬಿ ವೇಗ ತಗ್ಗಿಸದೆ ತಿರುವಿಗೆ ಬಂದ. ಆಮೇಲೆ ಬ್ರೇಕು ಒತ್ತಿ ಏನು ಪ್ರಯೋಜನ. ಲೋಡಾದ ಗಾಡಿ, ರಾಡಿ ರಸ್ತೆ.

ವಿಚಾರಣೆಗೆ ಮೂವರು ಕೂತರು. ಗಣಿಯ ಸುರಕ್ಷಾ ಅಧಿಕಾರಿ ರೇವಣಸಿದ್ದ ನಡುವೆ ಕೂತಿದ್ದ. ಗುಡ್ಡದ ತುದಿಯ ಆಫೀಸಿಗೆ ಎಲ್ಲ ದನಿಗಳೂ ಚೆನ್ನಾಗಿ ಬರುತ್ತವೆ, ಅಲ್ಲಿನ ಕಂಪ್ಯೂಟರಿನಲ್ಲಿ ಧ್ವನಿಮುದ್ರಣವೂ ಆಗುತ್ತದೆ. ಅವಳು ಕೇಳಿದ್ದು, ತಿಪ್ಪೇಶ್ ಉತ್ತರಿಸಿದ್ದು ಎರಡೂ ಅದರಲ್ಲಿ ಸ್ಪಷ್ಟವಾಗಿತ್ತು. ಅವಳ ಸೆಟ್ಟಿನ ಎರಡನೇ ತಿರುಪು ಕೊನೆಯವರೆಗೂ ಬಿಗಿದಿತ್ತು. ಗಾದಿಲಿಂಗಪ್ಪನನ್ನು ಕರೆಸಿ ಮೂರೇ ಪ್ರಶ್ನೆ ಕೇಳಿದರು. ಸೆಟ್ಟು ಸರಿಯಿತ್ತೆ? ಸರಿಯಿತ್ತು. ತಿರುಪು ಹೀಗೆ ಬಿಗಿದರೆ ಸಣ್ಣ ದನಿ ನಿಂತುಹೋಗುತ್ತದೆಯೆ? ಹೋಗುತ್ತದೆ. ತಿರುಪು ತಾನಾಗಿಯೇ ತಿರುಗುತ್ತದೆಯೆ? ಇಲ್ಲ, ಯಾರಾದರೂ ತಿರುಗಿಸಬೇಕು. ಯಾರು ತಿರುಗಿಸಿದರು ಎಂದು ಅವರು ಕೇಳಲಿಲ್ಲ. ಮೂರು ಉತ್ತರವೂ ನಿಜ. ಮೂರರ ಕೆಳಗೂ ಸಹಿ ಹಾಕಿ ಹೊರಗೆ ಬಂದ.

ವರದಿಯಲ್ಲಿ ಹೀಗೆ ಬರೆದರು: ಮೃತಳು ನೆಮ್ಮದಿಯಾಗಿ ಕೂರುವ ಸಲುವಾಗಿ ತನ್ನ ಸೆಟ್ಟಿನ ದನಿಯನ್ನು ತಾನೇ ಅಡಗಿಸಿಕೊಂಡಿದ್ದು ಅಪಘಾತಕ್ಕೆ ಕಾರಣ. ಇದು ಗುಡ್ಡದಲ್ಲೆಲ್ಲ ಹಬ್ಬಿತು. ಒಂಬತ್ತು ವರ್ಷ ಒಂದೇ ಒಂದು ಗಾಡಿಯ ಕನ್ನಡಿ ಒಡೆಯದಂತೆ ಆ ತಿರುವು ಕಾದವಳನ್ನು ಕ್ಯಾಂಟೀನಿನಲ್ಲಿ ಜನ ನಿದ್ದೆಬುರುಕಿ ಎಂದರು. ಗಾದಿಲಿಂಗಪ್ಪ ಅದನ್ನೂ ಕೇಳಿಸಿಕೊಂಡ. ಚಹಾ ಅರ್ಧಕ್ಕೆ ಬಿಟ್ಟು ಎದ್ದನೇ ಹೊರತು ತಕರಾರು ಮಾಡಲಿಲ್ಲ. ಹೇಡಿತನಕ್ಕೆ ಬೇರೆ ಹೆಸರು ಇಡುವುದು ಬೇಡ. ಅವನು ಹೆದರಿದ್ದ.

ಹನ್ನೊಂದನೆಯ ದಿನ ಕಳೆದ ಮೇಲೆ ಕಾವ್ಯ ಮಲಪನಗುಡಿಗೆ ಬಂದಳು. ಚೆನ್ನಬಸಮ್ಮ ಕೊಟ್ಟ ನೀರು ಕುಡಿದು ಕಟ್ಟೆಯ ಮೇಲೆ ಕೂತಳು. ಅಳಲಿಲ್ಲ. ವರದಿಯ ಪ್ರತಿಯೊಂದನ್ನು ಚೀಲದಿಂದ ತೆಗೆದು, ಆ ತಿರುಪು ಅಂದರೆ ಏನು ಎಂದು ಕೇಳಿದಳು. ಗಾದಿಲಿಂಗಪ್ಪ ಒಂದು ಹಳೇ ಸೆಟ್ಟು ತಂದು ತೋರಿಸಿದ. ಅವಳು ತಾನೇ ಅದನ್ನು ತಿರುಗಿಸಿ, ಗೊರಗೊರ ನಿಲ್ಲುವುದನ್ನು ಕೇಳಿ, ತಲೆಯಾಡಿಸಿದಳು.

“ಅವ್ವಗ ಮದ್ಲಿಂದ ಗದ್ಲ ಆಗ್ತಿದ್ದಿಲ್ಲ ಮಾವಾ. ಮನಿಯಾಗ ಟಿವಿನೂ ಸಣ್ಣಗ ಇಡು ಅಂತಿದ್ಲು. ಸುಮ್ನ ಕುಂದ್ರಾಕ ಆಸಿ ಪಟ್ಟು ನನ್ನ ಬಿಟ್ಟು ಹೋದ್ಲು. ನಾ ಆಕಿ ಫೋಟೋಕ್ಕ ಹೂವು ಹಾಕಿಲ್ಲ.”

ಗಾದಿಲಿಂಗಪ್ಪ, ಈ ಹುಡುಗಿ ಯಾರನ್ನೋ ಬೈಯಲು ಬಂದಿದ್ದಾಳೆ, ಬೈಯಲಿ ಎಂದು ಕಾದಿದ್ದ. ತಾಯಿಯನ್ನೇ ಬೈಯುತ್ತಾಳೆಂದು ಎಣಿಸಿರಲಿಲ್ಲ. ಅವಳು ಎದ್ದು ಕಾಲಿಗೆ ನಮಸ್ಕಾರ ಮಾಡಿ, ಹೊಸಪೇಟೆಯ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು. ತವರಿನಿಂದ ಹೊರಟ ಹೆಣ್ಣುಮಗಳಿಗೆ ಮಾಡುವಂತೆ ಚೆನ್ನಬಸಮ್ಮ ಅವಳಿಗೆ ಉಡಿ ತುಂಬಿ ಕಳಿಸಿದ್ದಳು. ಬಾಗಿಲಿಗೆ ಬಂದು ಗಂಡನೆದುರು ನಿಂತಳು.

“ಆ ತಿರುಪು ತಿರುವಿದ್ದು ಯಾರಂತ ನನಗ ಗೊತ್ತೈತಿ. ಉಣ್ಣಾಗ ನೀವ ಹೇಳಿ ನಕ್ಕೀರಿ. ಈಗ ನೀವು ಹೇಳ್ತೀರೋ, ನಾ ಹೋಗಿ ಹೇಳ್ಲೋ?”

ಮರುದಿನ ಬೆಳಿಗ್ಗೆ ಗಾದಿಲಿಂಗಪ್ಪ ಮೀಟರು ಹೆಗಲಿಗೆ ಹಾಕಿಕೊಂಡು ಮುತ್ತುಗದ ತಿರುವಿಗೆ ಇಳಿದ. ಆರು ವಾರ ತಡವಾಗಿ. ಅವಳ ಜಾಗದಲ್ಲಿ ಈಗ ಒಂದು ಡ್ರಮ್ಮು ನಿಲ್ಲಿಸಿ ಕೆಂಪು ಬಟ್ಟೆ ಕಟ್ಟಿದ್ದರು. ಮರದ ಬುಡದಲ್ಲಿ ಅವಳು ಕೂರುತ್ತಿದ್ದ ಚಪ್ಪಡಿ ಹಾಗೆಯೇ ಇತ್ತು, ಅವನು ಅದರ ಮೇಲೆ ಕೂರಲಿಲ್ಲ. ನಿಂತೇ ಮೀಟರ್ ಹಚ್ಚಿದ. ಪಕ್ಕದ ಗಣಿಯ ಗಾಡಿಗಳು ಮಾತಾಡಿದಾಗಲೆಲ್ಲ ಮುಳ್ಳು ಅಲುಗಾಡಿತು. ಕಡಿಮೆ, ಬಹಳ ಕಡಿಮೆ. ಆದರೂ ಇತ್ತು. ಹಳೇ ಸೆಟ್ಟಿನ ತಿರುಪನ್ನು ಪೂರ್ತಿ ಸಡಿಲಿಸಿ ಕಿವಿಗೆ ಒತ್ತಿಕೊಂಡ. ಗೊರಗೊರದ ತಳದಲ್ಲಿ ಒಬ್ಬ ಡ್ರೈವರು ತಾನು ಬರುತ್ತಿದ್ದೇನೆ ಎಂದು ಹೇಳುತ್ತಿದ್ದ. ಅಷ್ಟರಲ್ಲಿ ಇವರ ಗಣಿಯ ಹೊಸ ಸೆಟ್ಟೊಂದು, ತರಂಗ ಖಾಲಿಯಿದೆ ಎಂದುಕೊಂಡು, ಅವನ ಮೇಲೆಯೇ ಜೋರಾಗಿ ಮಾತಾಡಿತು. ಅವಳು ಬಂದು ನೋಡು ಎಂದಿದ್ದ ಗೊರ್ರ್ ಇದೇ. ಬಂದು ನೋಡಿದ್ದರೆ ಐದು ನಿಮಿಷದ ಕೆಲಸ. ಗಾದಿಲಿಂಗಪ್ಪ ಮರಕ್ಕೆ ಹಣೆಯೊತ್ತಿ ಮಕ್ಕಳ ಹಾಗೆ ಅತ್ತ. ಎರಡು ಟಿಪ್ಪರ್ ಬಂದುಹೋದವು, ಡ್ರೈವರುಗಳು ನೋಡಿಯೂ ನೋಡದಂತೆ ಹೋದರು.

ಮೇಲೆ ಬಂದು ರೇವಣಸಿದ್ದನ ಮೇಜಿನ ಮೇಲೆ ಎರಡು ಹಾಳೆ ಇಟ್ಟ. ಒಂದರಲ್ಲಿ ಹನ್ನೆರಡನೆಯ ಜಾಗದ ಅಂಕಿ. ಇನ್ನೊಂದರಲ್ಲಿ, ತಾನು ಆ ಜಾಗಕ್ಕೆ ಹೋಗದೆಯೇ ಖಾಲಿ ಎಂದು ಬರೆದದ್ದು, ರೇಣುಕಮ್ಮ ಬಂದು ದೂರಿದ್ದು, ತಾನು ತಿರುಪು ಬಿಗಿದು ಮುಟ್ಟಬೇಡ ಎಂದದ್ದು. ರೇವಣಸಿದ್ದ ಕೆಟ್ಟವನಲ್ಲ. ಓದಿ, ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ.

“ಗಾದೆಪ್ಪಾರ, ಇದನ್ನ ತಗೊಂಡ್ರ ನಿಮ್ಮ ಕೆಲಸ ಹೋಕ್ಕೈತಿ, ಕೇಸೂ ಆಕ್ಕೈತಿ. ಆಕಿ ಅಂತೂ ತಿರುಗಿ ಬರಂಗಿಲ್ಲ. ವಾಪಸ್ ಇಟ್ಕೊಳ್ರಿ.”

“ಆಕಿ ಬರಂಗಿಲ್ರಿ. ಆಕಿ ಮಗಳು ಅದಾಳ್ರಿ,” ಎಂದ ಗಾದಿಲಿಂಗಪ್ಪ.

ಸುದ್ದಿ ಕೇಳಿ ಸ್ಫೂರ್ತಿ ಹೊಸಪೇಟೆಯಿಂದ ಓಡಿಬಂದಳು. ಅಂಕಿಯಿಲ್ಲದ ಹಾಳೆಗೆ ಸಹಿ ಹಾಕಿದ ತಪ್ಪು ತನ್ನದೂ ಇದೆ ಎಂದು ಅವಳೂ ಬರೆದುಕೊಟ್ಟಳು. ಗೆರೆ ಕೆಳಗಿಳಿಯಿತು. ಒಂದು ವಾರದಲ್ಲಿ ಮುತ್ತುಗದ ತಿರುವಿಗೆ ಕಂಬ ಬಂತು. ಗೋಡೆಯ ಸುತ್ತೋಲೆಯನ್ನು ಯಾರೋ ಹರಿದುಹಾಕಿದರು, ಹೊಸದನ್ನು ಅಂಟಿಸುವ ಗೋಜಿಗೆ ಯಾರೂ ಹೋಗಲಿಲ್ಲ. ವರದಿ ಬದಲಾಗಲು ಮಾತ್ರ ಎರಡು ತಿಂಗಳು ಹಿಡಿಯಿತು. ರೇಣುಕಮ್ಮನ ಮೇಲಿನ ಸಾಲು ಹೊಡೆದುಹಾಕಿ ಆ ಜಾಗದಲ್ಲಿ ಗಾದಿಲಿಂಗಪ್ಪನ ಹೆಸರು ಬರೆದರು. ಅವನ ಮೇಲೆ ಸಂಡೂರಿನಲ್ಲಿ ಕೇಸಾಯಿತು, ಇನ್ನೂ ನಡೆಯುತ್ತಿದೆ. ಮರಿಯಮ್ಮನಹಳ್ಳಿಯ ತಿಪ್ಪೇಶ್ ಆವತ್ತಿನಿಂದ ಗಾಡಿ ಮುಟ್ಟಿಲ್ಲ ಎನ್ನುತ್ತಾರೆ.

ಹೊಸ ವರದಿಯನ್ನು ಓದಿ ಹೇಳಲು ಕಾವ್ಯಳನ್ನು ಗುಡ್ಡದ ಆಫೀಸಿಗೆ ಕರೆಸಿದರು. ಅದೇ ದಿನ ಗಾದಿಲಿಂಗಪ್ಪನೂ ತನ್ನ ರಿಪೇರಿ ಕೋಣೆಯ ಬೀಗದ ಕೈ ಒಪ್ಪಿಸಲು ಹೋಗಿದ್ದ. ಹೊರಗಿನ ಬೆಂಚಿನ ಮೇಲೆ ಕೂತಿದ್ದವನ ಮುಂದೆಯೇ ಅವಳು ಹಾದುಹೋದಳು. ಅವನು ಎದ್ದು ನಿಂತು ಅವಳ ಹೆಸರು ಹಿಡಿದು ಕರೆದ.

“ಅವ್ವ ನಿಮ್ಮನ್ನ ಅಣ್ಣ ಅಂತಿದ್ಲು,” ಎಂದಳು ಅವಳು. ಮಾವ ಎನ್ನಲಿಲ್ಲ. ಒಳಗೆ ಹೋದಳು.

ಬಾಗಿಲು ಅರ್ಧ ತೆರೆದಿತ್ತು. ರೇವಣಸಿದ್ದ ವರದಿ ಓದಿದ. ಸ್ಫೂರ್ತಿ ನಡುನಡುವೆ ತಿಳಿಸಿ ಹೇಳಿದಳು. ಎಲ್ಲ ಮುಗಿದ ಮೇಲೆ, ಅವ್ವನ ದನಿ ಒಮ್ಮೆ ಕೇಳಿಸುತ್ತೀರಾ ಎಂದು ಕಾವ್ಯ ಕೇಳಿದಳು. ಆಮೇಲೆ ಕಂಪ್ಯೂಟರಿನಿಂದ ಸದ್ದು ಬಂತು. ಗುಡ್ಡದ ಗಾಳಿ, ದೂರದಲ್ಲೊಂದು ಯಂತ್ರ, ಅದರ ನಡುವೆ ರೇಣುಕಮ್ಮ.

“ಯಾರರ ಅದೀರೇನ್ರಿ?”

ತಿಪ್ಪೇಶನ ಉತ್ತರ ಬರುವ ಮೊದಲೇ ಸ್ಫೂರ್ತಿ ಅದನ್ನು ನಿಲ್ಲಿಸಿದಳು. ಬೆಂಚಿನ ಮೇಲಿದ್ದ ಗಾದಿಲಿಂಗಪ್ಪ, ಇಷ್ಟು ವರ್ಷಗಳ ಅಭ್ಯಾಸದಿಂದ, ತನಗೇ ಗೊತ್ತಿಲ್ಲದೆ ಉಸಿರು ಎಣಿಸತೊಡಗಿದ್ದ. ಒಂದಾಯಿತು, ಎರಡಾಯಿತು.

“ಅದೀನಿ ಯವ್ವಾ,” ಎಂದಳು ಕಾವ್ಯ ಒಳಗೆ. “ನಾ ಅದೀನಿ.”

ಗಾದಿಲಿಂಗಪ್ಪ ಬೀಗದ ಕೈಯನ್ನು ಬೆಂಚಿನ ಮೇಲೆ ಇಟ್ಟು, ಕೆಂಪು ದಾರಿ ಹಿಡಿದು ನಡೆದುಕೊಂಡೇ ಕೆಳಗಿಳಿದ.